ಚಂದಾ ಎತ್ತುತ್ತೇವೆ, ಪ್ರಶ್ನೆ ಎತ್ತುವುದಿಲ್ಲ

ಕಳೆದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಸಾಣಾಪುರದಲ್ಲಿ ನನ್ನ ಖಾಲಾನ ಮಗ ಸಾರವೆಯಿಂದ ಬಿದ್ದ. ಅವನು ಗೌಂಡಿ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವಿರೂಪಾಪುರ ಗಡ್ಡಿಯ ರೆಸಾರ್ಟುಗಳು ತೆರವಾದ ಮೇಲೆ ಪ್ರವಾಸಿಗರು ನಮ್ಮ ಕೆರೆಯ ಕಡೆಗೆ ಹೆಚ್ಚಾಗಿ ಬರತೊಡಗಿದರು. ಅವರಿಗಾಗಿ ಕೋಣೆ ಕಟ್ಟುವ ಕೆಲಸವೂ ಹೆಚ್ಚಿತು. ಅಂಥ ಒಂದು ಕೋಣೆಯ ಗೋಡೆಗೆ ಗಿಲಾವು ಮಾಡುತ್ತಿದ್ದವನು ಮಧ್ಯಾಹ್ನ ಬಿದ್ದ, ಎದ್ದು ಕೂತ, ಚಹಾ ಕುಡಿದ, ‘ಏನೂ ಆಗಿಲ್ಲ ಬಿಡ್ರಿ’ ಎಂದ. ಮಗರಿಬ್ ಹೊತ್ತಿಗೆ ಎರಡು ಸಲ ವಾಂತಿಯಾಯಿತು. ಆಮೇಲೆ ಅವನನ್ನು ಎಚ್ಚರಿಸುವುದೇ ಕಷ್ಟವಾಯಿತು.

ತಾಲೂಕು ಆಸ್ಪತ್ರೆಯ ಯುವ ವೈದ್ಯರು ನೋಡಿದ ಕೂಡಲೇ ಹೇಳಿದರು: ‘ತಲೆಯೊಳಗ ರಕ್ತ ಹೆಪ್ಪುಗಟ್ಟಿರಬೇಕು. ನ್ಯೂರೋಸರ್ಜನ್ ಇರೋ ಕಡೆ ಲಗೂನ ಒಯ್ಯಿರಿ.’ ಅವರ ತಪ್ಪೇನೂ ಇರಲಿಲ್ಲ. ಆದರೆ ‘ಇರೋ ಕಡೆ’ ಎಂದರೆ ಎಲ್ಲಿ? ಅದನ್ನು ತಿಳಿಸುವ ಒಂದು ಹಾಳೆ ಆ ಗೋಡೆಯ ಮೇಲಿರಲಿಲ್ಲ. ಖಾಸಗಿ ಆಂಬುಲೆನ್ಸಿನ ಚಾಲಕನೇ ನಮಗೆ ದಾರಿ ತೋರಿದ. ಆ ರಾತ್ರಿ ನನ್ನ ತಮ್ಮನ ಮಿದುಳು ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸಿದವನು ಅವನೇ.

ಅವನು ಕರೆದೊಯ್ದ ನಗರದ ಆಸ್ಪತ್ರೆಯ ಮುಂದೆ ‘ನ್ಯೂರೋ’ ಎಂಬ ದೊಡ್ಡ ಬೋರ್ಡಿತ್ತು. ಪಕ್ಕದಲ್ಲೇ ಆಯುಷ್ಮಾನ್ ಕಾರ್ಡಿನ ಗುರುತೂ ಇತ್ತು. ಖಾಲಾ ಸೆರಗಿನಿಂದ ಕಾರ್ಡು ತೆಗೆದು ಕೇಳಿದಳು: ‘ಇದು ನಡೀತೈತೇನ್ರಿ?’ ‘ಎಲುಬಿನ ವಿಭಾಗಕ್ಕ ನಡೀತೈತಮ್ಮ, ತಲೀಗೆ ನಡಿಯಂಗಿಲ್ಲ. ಅರವತ್ತು ಸಾವಿರ ಕಟ್ಟ್ರಿ, ದೊಡ್ಡ ಡಾಕ್ಟರು ಮುಂಜಾನೆ ಬರ್ತಾರ.’

ಅರವತ್ತು ಸಾವಿರ ಹೇಗೆ ಕೂಡಿತು ಎಂಬುದನ್ನು ಹೇಳಲೇಬೇಕು. ಜಮಾತಿನವರು ರಾತ್ರಿಯೇ ಮನೆಮನೆಗೆ ಹೋಗಿ ಚಂದಾ ಎತ್ತಿದರು. ಹನುಮಪ್ಪನ ಗುಡಿಯ ಹುಡುಗರು ತಮ್ಮ ಹಬ್ಬದ ಹಣದಿಂದ ಹತ್ತು ಸಾವಿರ ತಂದುಕೊಟ್ಟರು. ಉಳಿದದ್ದು ಫೈನಾನ್ಸಿನ ಸಾಲ. ನಮ್ಮ ಊರು ಇನ್ನೂ ಬದುಕಿದೆ ಎಂದು ಆ ರಾತ್ರಿ ನನ್ನ ಕಣ್ಣು ತುಂಬಿದ್ದು ನಿಜ. ಆದರೆ ಮರುದಿನ ಹನ್ನೊಂದು ಗಂಟೆಗೆ ಬಂದ ‘ದೊಡ್ಡ ಡಾಕ್ಟರು’ ಸ್ಕ್ಯಾನ್ ನೋಡಿ ಸಿಟ್ಟಾಗಿ ತಮ್ಮವರನ್ನೇ ಕೇಳಿದರು: ‘ಇದಕ್ಕೆ ಆಪರೇಷನ್ ಆಗಬೇಕಿತ್ತು, ಯಾಕೆ ಇಟ್ಟುಕೊಂಡಿರಿ? ನಾನು ಸರ್ಜನ್ ಅಲ್ಲ.’

ಅವರು ನ್ಯೂರಾಲಜಿಸ್ಟ್, ಅಂದರೆ ನರರೋಗಗಳಿಗೆ ಔಷಧ ಕೊಡುವ ವೈದ್ಯರು. ನಮಗೆ ಬೇಕಿದ್ದುದು ತಲೆಬುರುಡೆ ತೆರೆದು ರಕ್ತ ತೆಗೆಯುವ ನ್ಯೂರೋಸರ್ಜನ್. ಎರಡರ ನಡುವಿನ ವ್ಯತ್ಯಾಸ ತಿಳಿಯಲು ನಮಗೆ ಹದಿನಾಲ್ಕು ಗಂಟೆ ಬೇಕಾಯಿತು. ಕೊನೆಗೆ ಒಂದು ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅದೇ ಕಾರ್ಡಿನ ಮೇಲೆ, ಒಂದು ರೂಪಾಯಿಯೂ ಇಲ್ಲದೆ ಶಸ್ತ್ರಚಿಕಿತ್ಸೆ ಆಯಿತು. ತಮ್ಮ ಉಳಿದ. ಆದರೆ ಬಲಗೈಗೆ ಕರಣೆ ಹಿಡಿಯುವ ಶಕ್ತಿ ಇಂದಿಗೂ ಬಂದಿಲ್ಲ.

ಈ ಕತೆಯನ್ನು ನಾನು ಕಣ್ಣೀರಿಗಾಗಿ ಬರೆಯುತ್ತಿಲ್ಲ. ನನ್ನ ಆಕ್ಷೇಪ ಮೊದಲು ನಮ್ಮ ಮೇಲೆಯೇ ಇದೆ. ಒಂದು ರಾತ್ರಿಯಲ್ಲಿ ಅರವತ್ತು ಸಾವಿರ ಎತ್ತಬಲ್ಲ ಊರಿಗೆ ಎರಡು ಪ್ರಶ್ನೆ ಎತ್ತಲು ಆಗಲಿಲ್ಲ. ಆಪರೇಷನ್ ಮಾಡುವವರು ಯಾರು, ಅವರ ಪದವಿ ಏನು? ಈ ಕಾರ್ಡು ಈ ರೋಗಕ್ಕೆ ಎಲ್ಲಿ ನಡೆಯುತ್ತದೆ? ಸರಕಾರ ಕೊಡಬೇಕಾದ ಹಣವನ್ನು ನಾವು ಭಿಕ್ಷೆ ಬೇಡಿ ತಂದು ಖಾಸಗಿ ಕೌಂಟರಿಗೆ ಸುರಿದೆವು. ದಾನ ಪುಣ್ಯದ ಕೆಲಸ, ಒಪ್ಪೋಣ. ಆದರೆ ವಿಚಾರಿಸದೆ ಕೊಟ್ಟ ದಾನ ಸುಲಿಗೆಗೆ ಎಣ್ಣೆ ಹಾಕುತ್ತದೆ.

‘ಡಾಕ್ಟರನ್ನು ಪದವಿ ಕೇಳುವುದೇ? ಅವರು ದೇವರ ಸಮಾನ’ ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಭತ್ತದ ಬೀಜ ಕೊಳ್ಳುವಾಗ ಚೀಲದ ಮೇಲಿನ ತಾರೀಖು ನೋಡುತ್ತೇವೆ. ತಲೆಬುರುಡೆ ಕೊಡುವಾಗ ಮಾತ್ರ ಕೇಳುವುದು ಉದ್ಧಟತನವಾಗುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ಪ್ರತಿ ವೈದ್ಯರೂ ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ, ಔಷಧ ಚೀಟಿಯಲ್ಲಿ, ಹಣದ ರಸೀದಿಯಲ್ಲಿ ಕಾಣುವಂತೆ ಹಾಕಬೇಕು. ರೋಗಿಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು. ನ್ಯೂರೋಸರ್ಜನ್ ಎನ್ನಿಸಿಕೊಳ್ಳಲು ಎಂಬಿಬಿಎಸ್ ಸಾಲದು. ಅದರ ಮೇಲೆ ನ್ಯೂರೋಸರ್ಜರಿಯಲ್ಲಿ ಎಂ.ಸಿಎಚ್. ಪದವಿಯೋ ಡಿಎನ್‌ಬಿ ದರ್ಜೆಯ ಪದವಿಯೋ ಇರಬೇಕು. ಔಷಧ ಕೊಡುವ ನ್ಯೂರಾಲಜಿಸ್ಟರದು ಸಾಮಾನ್ಯವಾಗಿ ಡಿ.ಎಂ. ಈ ಎರಡು ಅಕ್ಷರಗಳ ಅಂತರವನ್ನೇ ನಾವು ಆ ರಾತ್ರಿ ಓದಲಿಲ್ಲ. ಹೆಸರು ಅಥವಾ ಸಂಖ್ಯೆ ಸಿಕ್ಕರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ ಮೊಬೈಲಿನಲ್ಲೇ ಹುಡುಕಬಹುದು. ಕಾಲೇಜು ಓದುವ ಯಾವ ಹುಡುಗಿಯೂ ಐದು ನಿಮಿಷದಲ್ಲಿ ಮಾಡಬಹುದಾದ ಕೆಲಸ ಅದು.

ಇನ್ನು ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ದೊಡ್ಡ ಚಿಕಿತ್ಸೆಗೆ ಖಾಸಗಿಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಅದು ಬೇಕಿಲ್ಲ. ಆದರೆ ಬಹಳ ಜನಕ್ಕೆ ತಿಳಿಯದ ಒಂದು ಗುಟ್ಟಿದೆ. ಆಸ್ಪತ್ರೆಯನ್ನು ಯೋಜನೆಗೆ ಸೇರಿಸುವುದು ವಿಭಾಗವಾರು. ಎಲುಬಿಗೆ ಸೇರಿದ ಆಸ್ಪತ್ರೆ ಮಿದುಳಿಗೆ ಸೇರಿರಬೇಕೆಂದಿಲ್ಲ. ಬಾಗಿಲ ಮೇಲಿನ ಗುರುತು ಇದನ್ನು ಹೇಳುವುದಿಲ್ಲ. ಅದಕ್ಕೇ ‘ಕಾರ್ಡ್ ನಡೆಯುತ್ತದೆಯೇ’ ಎಂದು ಕೇಳಬಾರದು, ‘ನ್ಯೂರೋಸರ್ಜರಿಗೆ ನಡೆಯುತ್ತದೆಯೇ, ಆರೋಗ್ಯಮಿತ್ರ ಎಲ್ಲಿ ಕೂತಿದ್ದಾರೆ’ ಎಂದು ಕೇಳಬೇಕು. ಆಂಬುಲೆನ್ಸ್ ಹತ್ತುವ ಮೊದಲು 104ಕ್ಕೋ 14555ಕ್ಕೋ ಫೋನು ಮಾಡಬೇಕು. ಸಹಕಾರ ಸಂಘದ ಸದಸ್ಯರಾದ ರೈತರು ಯಶಸ್ವಿನಿಯ ಪಟ್ಟಿಯನ್ನೂ ಹೀಗೆಯೇ ವಿಭಾಗ ಹೆಸರಿಸಿ ವಿಚಾರಿಸಬೇಕು. ಖಾಸಗಿ ವಿಮೆ ಇರುವವರೂ ಬೀಗಬೇಕಾಗಿಲ್ಲ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆದೇಶಿಸಿದೆ. ಆ ಗಡಿಯಾರವನ್ನು ನೆನಪಿಸುವವರು ಎಷ್ಟು ಜನ?

ಇಷ್ಟು ಹೇಳಿದ ಮೇಲೆ ತಪ್ಪೆಲ್ಲ ಬಡವನ ತಲೆಗೆ ಕಟ್ಟಿ ಸರಕಾರ ಪಾರಾಗಬಾರದು. ಪ್ರಜ್ಞೆ ತಪ್ಪಿದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ವೈದ್ಯರ ಪದವಿಯನ್ನೂ ಯೋಜನೆಯ ಪಟ್ಟಿಯನ್ನೂ ತಾನೇ ಹುಡುಕಬೇಕು ಎನ್ನುವುದು ಯಾವ ನ್ಯಾಯ? ತಾಲೂಕು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರ, ಹೆರಿಗೆ ತಜ್ಞರ, ಎಲುಬು ತಜ್ಞರ ಹುದ್ದೆಗಳಿವೆ. ನ್ಯೂರೋಸರ್ಜನ್ ಹುದ್ದೆ ಆ ಲೆಕ್ಕದಲ್ಲೇ ಇಲ್ಲ. ಇರಬೇಕೆಂದು ನಾನು ಹಟ ಹಿಡಿಯುವುದಿಲ್ಲ. ವೆಂಟಿಲೇಟರ್, ರಕ್ತನಿಧಿ, ಅರಿವಳಿಕೆ ತಜ್ಞರು ಇಲ್ಲದ ಕಡೆ ಅಂಥ ವೈದ್ಯರು ಬಂದು ಮಾಡುವುದೇನು? ಆದರೆ ಹತ್ತಿರದ ನ್ಯೂರೋಸರ್ಜನ್ ಎಲ್ಲಿದ್ದಾರೆ, ಇಂದು ರಾತ್ರಿ ಇದ್ದಾರೆಯೇ ಎಂಬುದನ್ನು ತಾಲೂಕು ಆಸ್ಪತ್ರೆಯೇ ವಿಚಾರಿಸಿ ಕಳಿಸಬಾರದೇಕೆ? ಸಂವಿಧಾನದ 371(ಜೆ) ಕಲಂ ಬಂದು ಹತ್ತು ವರ್ಷಗಳಿಗೂ ಮೇಲಾಯಿತು. ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಾದುದು 2019ರಲ್ಲಿ. ಕಲ್ಯಾಣದ ಹೆಸರಿನಲ್ಲಿ ಒಂದು ಬೋರ್ಡು ಬರೆಸಲು ಎಷ್ಟು ಖರ್ಚಾದೀತು?

ಯೋಜನೆಯೇ ವ್ಯರ್ಥ ಎನ್ನುವವರಿಗೂ ನನ್ನ ಉತ್ತರವಿದೆ. ನ್ಯೂರೋಸರ್ಜರಿಯೂ ಸೇರಿದಂತೆ ದೊಡ್ಡ ರೋಗಗಳಿಗೆ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಕೊಪ್ಪಳವೂ ಸೇರಿದ ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆ ರೋಗಗಳಿಂದಾದ ಸಾವು ಯೋಜನೆ ಇದ್ದ ಕಡೆ ಬಡವರಲ್ಲಿ ಬಹಳ ಕಡಿಮೆಯಿತ್ತು. ಕಾರ್ಡು ಜೀವ ಉಳಿಸುತ್ತದೆ. ಆದ್ದರಿಂದಲೇ ಅದನ್ನು ಬಾಗಿಲಲ್ಲಿ ತಡೆಯುವುದು ಸಣ್ಣ ಅಪರಾಧವಲ್ಲ.

ನ್ಯಾಯಾಲಯ ಈ ಮಾತನ್ನು ಎಂದೋ ಹೇಳಿದೆ. 1992ರ ಜುಲೈಯಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದು ಕಡೆ ಸೌಕರ್ಯವಿಲ್ಲ, ಇನ್ನೊಂದು ಕಡೆ ಹಾಸಿಗೆಯಿಲ್ಲ ಎನ್ನುತ್ತ ಒಂದರ ಹಿಂದೊಂದು ಸರಕಾರಿ ಆಸ್ಪತ್ರೆಗಳು ಅವರನ್ನು ಸಾಗಹಾಕಿದವು. ಕೊನೆಗೆ ಅವರು ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಖರ್ಚು ಮಾಡಬೇಕಾಯಿತು. ಅವರ ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟು, ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ಕಲಮಿನ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತು 25,000 ರೂಪಾಯಿ ಪರಿಹಾರ ಕೊಡಿಸಿತು. ಹಕೀಂ ಶೇಖರ ಊರಿನವರೂ ಚಂದಾ ಎತ್ತಿ ಸುಮ್ಮನಾಗಬಹುದಿತ್ತು. ಸಂಘ ಪ್ರಶ್ನೆ ಎತ್ತಿದ್ದರಿಂದ ದೇಶಕ್ಕೆಲ್ಲ ಒಂದು ಹಕ್ಕು ಸಿಕ್ಕಿತು.

ನಮ್ಮ ರಾಜ್ಯದಲ್ಲೂ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಿದೆ. 2017ರ ತಿದ್ದುಪಡಿಯ ನಂತರ ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಒತ್ತಾಯಿಸದೆ ಚಿಕಿತ್ಸೆ ಆರಂಭಿಸಬೇಕು. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. ‘ಹೀಗೆ ಪ್ರಶ್ನೆ ಕಲಿಸಿದರೆ ಜನ ಡಾಕ್ಟರ ಮೇಲೆ ಕೈ ಮಾಡುತ್ತಾರೆ’ ಎಂದು ಒಬ್ಬ ವೈದ್ಯಮಿತ್ರರು ನನಗೆ ಹೇಳಿದರು. ವೈದ್ಯರ ಮೇಲೆ ಕೈ ಮಾಡುವವರು ಕಾನೂನಿನಂತೆ ಶಿಕ್ಷೆಗೆ ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈ ಮಾಡುವವರಲ್ಲಿ ಅನೇಕರು ಮೊದಲು ಕೇಳಿ, ಉತ್ತರ ಸಿಗದೆ ಹೋದವರು. ಹೆಸರು, ಪದವಿ, ಸಂಖ್ಯೆ, ಬರುವ ದಿನ, ಕಾರ್ಡು ನಡೆಯುವ ವಿಭಾಗ, ಇವನ್ನು ಬಾಗಿಲಲ್ಲೇ ಬರೆದಿಟ್ಟ ಆಸ್ಪತ್ರೆಗೆ ಯಾರ ಭಯ?

ಮಸೀದಿ ಕಮಿಟಿಯವರಲ್ಲಿ, ಗುಡಿಯ ಯುವಕ ಸಂಘದವರಲ್ಲಿ ನನ್ನದೊಂದು ಬೇಡಿಕೆ. ಇನ್ನು ಮುಂದೆ ಆಸ್ಪತ್ರೆಗೆಂದು ಚಂದಾ ಎತ್ತುವ ಮೊದಲು ಓದಿದ ಒಬ್ಬರನ್ನು ಫೋನಿನ ಮುಂದೆ ಕೂರಿಸಿ. ಸಿಕ್ಕ ಉತ್ತರವನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಹಣ ಬೇಕೇಬೇಕೆಂದು ಗೊತ್ತಾದರೆ ಆಮೇಲೆ ಧಾರಾಳವಾಗಿ ಎತ್ತಿ, ನಾನೂ ಕೊಡುತ್ತೇನೆ.

ಮೊನ್ನೆ ತಮ್ಮನ ಕೈಯ ತಪಾಸಣೆಗೆ ಖಾಲಾನನ್ನು ಕರೆದುಕೊಂಡು ಇನ್ನೊಂದು ಚಿಕಿತ್ಸಾಲಯಕ್ಕೆ ಹೋಗಿದ್ದೆ. ಓದು ಬರದ ಹೆಂಗಸು, ಫೈಲನ್ನು ಎದೆಗವಚಿಕೊಂಡು ಕೇಳಿಯೇಬಿಟ್ಟಳು: ‘ಸಾಹೇಬ್ರ, ನಿಮ್ಮ ನಂಬರ್ ಎಲ್ಲೈತ್ರಿ?’ ನಾನು ಗಾಬರಿಯಾದೆ. ವೈದ್ಯರು ನಕ್ಕು, ತಮ್ಮ ಹಿಂದಿನ ಗೋಡೆ ತೋರಿಸಿ, ಹೆಸರು, ಪದವಿ, ಸಂಖ್ಯೆ ಮೂರನ್ನೂ ಅವಳಿಗೆ ಓದಿ ಹೇಳಿದರು. ಅದಕ್ಕೆ ಅವರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.