ರೂಟರ್‌ನ ಬೀಗ: ವರ್ತಕರ ಹೊಣೆ

ವ್ಯವಹಾರದ ಲೆಕ್ಕಪುಸ್ತಕಗಳು ಕಪಾಟಿನಿಂದ ಗಣಕಯಂತ್ರಕ್ಕೆ ಸ್ಥಳಾಂತರಗೊಂಡಿರುವುದು ಸರ್ವವಿದಿತ. ಕಪಾಟಿಗಿದ್ದ ಬೀಗವೂ ಜೊತೆಯಲ್ಲಿ ಹೋಯಿತೇ ಎಂಬುದು ವಿಚಾರಾರ್ಹ. ಜಡೆ, ಆನವಟ್ಟಿ, ಶಿಕಾರಿಪುರ ಭಾಗದ ಅಡಿಕೆ ವರ್ತಕರಾಗಲಿ, ಅಕ್ಕಿ ಗಿರಣಿ ಮಾಲೀಕರಾಗಲಿ, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬ್ಯಾಂಕ್ ಪಾವತಿಗಳನ್ನು ಹಲವೆಡೆ ಮನೆಬಳಕೆಯ ಒಂದೇ ರೂಟರ್ ಮೂಲಕ ನಡೆಸುತ್ತಾರೆ. ಮಕ್ಕಳ ಮೊಬೈಲ್, ಸಿಸಿಟಿವಿ, ಗಿರಾಕಿಗಳ ಫೋನುಗಳಿಗೂ ಅದೇ ದಾರಿ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. ಅದೇ ತಿಂಗಳ ಕೊನೆಯಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ದುಷ್ಟ ತಂತ್ರಾಂಶದ ದಾಳಿ ನಡೆಯಿತು. ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು ಅದಕ್ಕೆ ತುತ್ತಾದವು. ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸಂಸ್ಥೆಯು ಗ್ರಾಹಕರನ್ನು ಕೋರಿತು.

ಆದಕಾರಣ ವರ್ತಕ ಬಾಂಧವರು ಮೊದಲು ಕೈಗೊಳ್ಳಬೇಕಾದುದು ಅದನ್ನೇ. ರೂಟರ್‌ನ ಆಡಳಿತ ಪಾಸ್‌ವರ್ಡ್ ಹಾಗೂ ವೈ-ಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿ, ಅವು ಬೇರೆಬೇರೆಯಾಗಿರುವಂತೆ ನೋಡಿಕೊಳ್ಳತಕ್ಕದ್ದು. ರೂಟರ್‌ನಲ್ಲಿರುವ ಫೈರ್‌ವಾಲ್, ನಾವು ಕೇಳದೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುತ್ತದೆ. ಅದು ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಬೇಕು. ಸಿಸಿಟಿವಿಯನ್ನು ದೂರದಿಂದ ನೋಡಲೆಂದು ತೆರೆಯುವ ಪೋರ್ಟ್ ಆ ಗೋಡೆಯಲ್ಲಿ ನಾವೇ ಕೊರೆದ ಕಿಂಡಿಯೆಂಬುದನ್ನು ಮರೆಯಲಾಗದು. ಹೊರಗಿನಿಂದ ರೂಟರ್ ನಿರ್ವಹಿಸುವ ಸೌಲಭ್ಯವನ್ನು ಮುಚ್ಚಿ, ಗಿರಾಕಿಗಳಿಗೆ ಪ್ರತ್ಯೇಕ ಅತಿಥಿ ಜಾಲವನ್ನು ಒದಗಿಸುವುದು ಲೇಸು. ಅನುಮತಿಸಿದ ಸಾಧನಗಳ ಪಟ್ಟಿಯೊಂದನ್ನೇ ನಂಬುವಂತಿಲ್ಲ. ಸಾಧನದ ಮ್ಯಾಕ್ ವಿಳಾಸವನ್ನು ನಕಲು ಮಾಡಲು ಬರುತ್ತದೆ.

ಇಷ್ಟಾದರೂ, ನೌಕರನೊಬ್ಬನು ಇ-ಮೇಲ್‌ನಲ್ಲಿ ಬಂದ ನಕಲಿ ಬಿಲ್ಲನ್ನು ತೆರೆದರೆ ಮನೆಬಳಕೆಯ ರೂಟರ್ ಅದನ್ನು ತಡೆಯುತ್ತದೆಂಬ ಭರವಸೆಯಿಲ್ಲ. ಹೀಗಾಗಿ ಲೆಕ್ಕಪತ್ರದ ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಡುವುದು ಅನಿವಾರ್ಯ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನನ್ವಯ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಬೇಕು. ಗಣಕೀಕೃತ ಲೆಕ್ಕಗಳಿಗೆ ಬ್ಯಾಕಪ್ ಇರಲೇಬೇಕೆಂದು 57ನೇ ನಿಯಮವು ವಿಧಿಸುತ್ತದೆ. ಈ ಹೊಣೆ ಕೇಬಲ್ ಜೋಡಿಸಿಹೋದ ಹುಡುಗನದಲ್ಲ, ನೋಂದಾಯಿತ ವರ್ತಕನದು.

ಮಾರ್ಚ್ ಅಂತ್ಯದಲ್ಲಿ ದಾಸ್ತಾನು ಎಣಿಸುವಾಗ ರೂಟರ್‌ಗೂ ಅರ್ಧ ಗಂಟೆ ಮೀಸಲಿಡುವುದು ಒಳಿತು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಕಳೆದುಹೋದ ಆರು ವರ್ಷಗಳ ಲೆಕ್ಕವನ್ನು ಮರಳಿ ಬರೆಯುವ ವೆಚ್ಚವನ್ನು ಯಾವ ಖಾತೆಗೂ ಹಾಕಲಾಗದು.