ಬಂಜೆಯೆನ್ನುವ ಮುನ್ನ ವೀರ್ಯಪರೀಕ್ಷೆಯಾಗಲಿ

ಆನೇಮಹಲ್ ಸುತ್ತಲಿನ ನಮ್ಮ ಊರುಗಳಲ್ಲಿ ಕೃತಕ ಗರ್ಭಧಾರಣೆ ಎಂದೊಡನೆ ನೆನಪಾಗುವುದು ಕೊಟ್ಟಿಗೆಯ ಹಸು. ಪಶುವೈದ್ಯರು ತರುವ ವೀರ್ಯನಳಿಕೆಯ ಹಿಂದೆ ಎಂತಹ ಕಟ್ಟುನಿಟ್ಟಿದೆ ಎಂಬುದನ್ನು ಗಮನಿಸಬೇಕು. ಹೆಸರಘಟ್ಟದಂತಹ ಕೇಂದ್ರಗಳಲ್ಲಿ ಸಂಗ್ರಹಿಸಿ, ಮೈನಸ್ 196 ಡಿಗ್ರಿಯ ದ್ರವಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ವೀರ್ಯವನ್ನು ಮರಳಿ ಕರಗಿಸಿ ನೋಡಿದಾಗ ಅರ್ಧದಷ್ಟಾದರೂ ವೀರ್ಯಾಣುಗಳು ಚಲಿಸುತ್ತಿರಬೇಕು. ಇಲ್ಲವಾದರೆ ಅದು ತಿರಸ್ಕೃತ. ಗಬ್ಬ ನಿಲ್ಲದಿದ್ದರೆ ರೈತನು ಹಸುವಿನಷ್ಟೇ ನಳಿಕೆಯನ್ನೂ ಶಂಕಿಸುತ್ತಾನೆ. ಹೋಲಿಕೆ ಒರಟೆನಿಸಿದರೆ ಕ್ಷಮೆಯಿರಲಿ. ಆದರೆ ಮನೆಯ ಸೊಸೆಯ ವಿಷಯದಲ್ಲಿ ಈ ವಿವೇಕ ಎಲ್ಲಿ ಅಡಗಿಬಿಡುತ್ತದೆ?

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕೊರತೆಯೇ ಪೂರ್ಣವಾಗಿಯೋ ಭಾಗಶಃವಾಗಿಯೋ ಕಾರಣವಾಗಿರುತ್ತದೆ. ಆದರೂ ಸ್ಕ್ಯಾನಿಂಗ್, ಚುಚ್ಚುಮದ್ದು, ಹರಕೆ, ಉಪವಾಸಗಳೆಲ್ಲ ಅವಳ ಪಾಲಿಗೆ. ನೋವಿಲ್ಲದ ಒಂದು ಪರೀಕ್ಷೆಗೆ ಗಂಡಸು ಹಿಂಜರಿಯುತ್ತಾನೆ. ವೈದ್ಯರ ಮೊದಲ ಭೇಟಿಗೆ ಸೊಸೆಯೊಡನೆ ಹೋಗಬೇಕಾದವನು ಗಂಡ, ಹೋಗುವವರು ಅತ್ತೆ.

ಐಯುಐ ಎಂಬ ಚಿಕಿತ್ಸೆಯಲ್ಲಿ ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಅಂಡ ಬಿಡುಗಡೆಯಾಗುವ ವೇಳೆಗೆ ಗರ್ಭಕೋಶದೊಳಗೆ ಸೇರಿಸುತ್ತಾರೆ. ಅಲ್ಲಿಂದ ಮುಂದಿನ ದಾರಿಯನ್ನು ಅವು ತಾವೇ ಕ್ರಮಿಸಬೇಕು. ಆದ್ದರಿಂದ ಎಷ್ಟಿವೆ ಎಂಬುದರಷ್ಟೇ ಎಷ್ಟು ಚಲಿಸುತ್ತಿವೆ ಎಂಬುದೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು, ಅವುಗಳಲ್ಲಿ ಶೇ. 30ರಷ್ಟು ಮುಂದಕ್ಕೆ ಚಲಿಸುವಂಥವು ಎಂಬುದು ಕೆಳಮಿತಿ. ಇದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಸಂತಾನವೇ ಆಗದೆಂದಲ್ಲ. ಆದರೆ ತೊಳೆದ ಬಳಿಕ ಉಳಿಯುವ ಚಲನಶೀಲ ವೀರ್ಯಾಣುಗಳು 50 ಲಕ್ಷಕ್ಕಿಂತ ಕಡಿಮೆಯಾದರೆ ಐಯುಐ ಫಲಿಸುವ ಸಾಧ್ಯತೆ ಬಹಳ ಕುಗ್ಗುತ್ತದೆ. ಇದನ್ನರಿಯದೆ ಮತ್ತೆ ಮತ್ತೆ ಅದೇ ಚಿಕಿತ್ಸೆ ಮಾಡಿಸುವುದರಿಂದ ಹಣವೂ ಹೆಣ್ಣಿನ ವಯಸ್ಸೂ ಕಳೆದುಹೋಗುತ್ತವೆ.

ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಹೂಮಳೆಯ ಫಲವನ್ನು ಕೊಯ್ಲಿನಲ್ಲಿ ಕಾಣುವ ಕಾಫಿ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಇಂದಿನ ತೀವ್ರ ಜ್ವರ ವಾರಗಳ ನಂತರದ ವರದಿಯಲ್ಲಿ ತೋರಬಹುದು. ಬೀಡಿ, ಸಿಗರೇಟು, ಮದ್ಯಗಳನ್ನು ಬಿಟ್ಟ ಫಲವೂ ಹಾಗೆಯೇ ತಡವಾಗಿ ಕಾಣುತ್ತದೆ. ಮೈಕಟ್ಟಿಗಾಗಿ ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ನಮ್ಮ ಯುವಕರಿಗೆ ಇದು ತಿಳಿದಿರಲಿ.

ಪರೀಕ್ಷೆಗೆ ಮುನ್ನ ಎರಡರಿಂದ ಏಳು ದಿನಗಳ ಸಂಯಮ ಅಗತ್ಯ. ಮೊದಲ ವರದಿಯಲ್ಲಿ ದೋಷ ಕಂಡರೆ ಧೃತಿಗೆಡದೆ, ವೈದ್ಯರು ಹೇಳಿದ ಅಂತರದಲ್ಲಿ ಮತ್ತೊಮ್ಮೆ ಮಾಡಿಸಬೇಕು.