ಮನೆಯ ಕುಸ್ವಾರ್: ಉಳಿತಾಯ ಯಾರ ಲೆಕ್ಕದಲ್ಲಿ?

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿಯ ಬೇಕರಿಗಳಲ್ಲಿ ಕುಸ್ವಾರ್ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ, ಬಂಧುಗಳಿಗೆ, ಆಫೀಸಿನವರಿಗೆ ಎಂದು ಎಣಿಸಿದರೆ ಹತ್ತು ಪೆಟ್ಟಿಗೆ ಸಾಲದು. ಮಧ್ಯಮ ವರ್ಗಕ್ಕೆ ಇದು ಸಣ್ಣ ಖರ್ಚಲ್ಲ. ಆದ್ದರಿಂದಲೇ ಮನೆಯಲ್ಲೇ ಮಾಡಿ ಹಂಚಿದರೆ ಹೇಗೆ ಎಂಬ ಮಾತು ಪ್ರತಿವರ್ಷ ಕೇಳಿಬರುತ್ತದೆ.

ಲೆಕ್ಕ ಅಷ್ಟು ಸುಲಭವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕೇಕ್, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ಪ್ಯಾಕೆಟ್ ಕುರುಕಲು ತಿಂಡಿಯದ್ದು 12ರಿಂದ 5ಕ್ಕೆ ಇಳಿಯಿತು. ಅದೇ ವರ್ಷ ತೆಂಗಿನಕಾಯಿ, ತೆಂಗಿನೆಣ್ಣೆಯ ಬೆಲೆ ವಿಪರೀತ ಏರಿತು. ನೆವ್ರಿಯ ಹೂರಣಕ್ಕೆ ಕೊಬ್ಬರಿ, ಕಿಡಿಯೊ ಹಿಟ್ಟಿಗೆ ಕಾಯಿಹಾಲು ಬೇಕೇ ಬೇಕು. ಹಾಗಿದ್ದರೂ ಮನೆಯ ಸಾಮಾನಿನ ಖರ್ಚು ಪೆಟ್ಟಿಗೆಯ ಬೆಲೆಗಿಂತ ಕಡಿಮೆಯೇ. ವ್ಯತ್ಯಾಸದಲ್ಲಿ ದೊಡ್ಡ ಪಾಲು ದುಡಿಮೆಯದು.

ಆ ದುಡಿಮೆ ಯಾರದು? ಹಿಂದೆ ಅಜ್ಜಿ, ಅತ್ತೆ, ನೆರೆಕರೆಯವರು, ಮಕ್ಕಳು ಸುತ್ತ ಕುಳಿತು ಹೊಸ ಬಾಚಣಿಗೆಯ ಮೇಲೆ ಕಿಡಿಯೊ ಒತ್ತುತ್ತಿದ್ದರು. (ನಾವು ಒತ್ತಿದ್ದಕ್ಕಿಂತ ತಿಂದದ್ದೇ ಹೆಚ್ಚು.) ಇಂದು ಮಕ್ಕಳು ಬೆಂಗಳೂರು, ದುಬೈಗಳಲ್ಲಿದ್ದಾರೆ. ದಿನವಿಡೀ ಕೆಲಸ ಮಾಡಿ ಬಂದ ತಾಯಿ ಒಬ್ಬಳೇ ಮಧ್ಯರಾತ್ರಿಯವರೆಗೆ ಬಾಣಲೆಯ ಮುಂದೆ ನಿಂತರೆ, ಅದನ್ನು ಉಳಿತಾಯವೆನ್ನಲು ನಮಗೆ ಮನಸ್ಸು ಬಾರದು.

ವಾಳೆಯ ನಾಲ್ಕೈದು ಮನೆಯವರು ಒಂದು ಭಾನುವಾರ ಪೂಜೆ ಮುಗಿಸಿ ಒಂದೇ ಅಡುಗೆಮನೆಯಲ್ಲಿ ಸೇರಲಿ. ಗಂಡಸರೂ ಹಿಟ್ಟು ನಾದಲಿ. ಎಂಟು ಬಗೆ ಬೇಡ, ಎರಡು ಸಾಕು. ಕೊಕ್ಕಿಸಾಂ ಅಚ್ಚು ಯಾರಾದರೊಬ್ಬರ ಮನೆಯ ಅಟ್ಟದಲ್ಲಿ ಖಂಡಿತ ಇರುತ್ತದೆ.